ಇಂಟ್ 80ಎಚ್, ಸಿಸ್‌ಕಾಲ್, ಲಿಬ್‌ಸಿ: ಅಸೆಂಬ್ಲಿಯಿಂದ ಕರ್ನಲ್ ಕರೆಯೋಕೆ ಯಾವುದು ವಾಸಿ?

64 ಬಿಟ್ ಲಿನಕ್ಸ್‌ನಲ್ಲಿ ಪರದೆ ಮೇಲೆ ಒಂದು ಸಾಲು ಮೂಡಿಸುವ ಪುಟ್ಟ ಪ್ರೋಗ್ರಾಂ ಅನ್ನು ನಾಸ್ಮ್ ಅನ್ನೋ ಅಸೆಂಬ್ಲರ್‌ನಲ್ಲಿ ಮೂರು ಥರ ಬರೆದು ನೋಡಿದೆ: ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕರೆಯೋ ಹಳೆಯ ಇನ್‌ಸ್ಟ್ರಕ್ಷನ್ ಇಂಟ್ 80ಎಚ್, 64 ಬಿಟ್‌ನ ಇನ್‌ಸ್ಟ್ರಕ್ಷನ್ ಸಿಸ್‌ಕಾಲ್, ಮತ್ತೆ ಸಿ ಭಾಷೆಯ ಲೈಬ್ರರಿ ಲಿಬ್‌ಸಿ. ನನ್ನ ವೋಟು ಸಿಸ್‌ಕಾಲ್‌ಗೆ. ಆದರೆ ಎಲ್ಲ ಕೆಲಸಕ್ಕೂ ಅಲ್ಲ.

ಹಳೆಯ ಪಾಠಗಳಲ್ಲೆಲ್ಲ ಸಿಗೋದು ಇಂಟ್ 80ಎಚ್. ಸಿಪಿಯು ಒಳಗಿನ ಪುಟ್ಟ ಜಾಗಗಳಾದ ರಿಜಿಸ್ಟರ್‌ಗಳಲ್ಲಿ ಬೆಲೆಗಳನ್ನು ಇಡಬೇಕು: ಇಎಎಕ್ಸ್‌ಗೆ 4 (ಬರೆಯುವ ಕರೆ, ರೈಟ್‌ನ ನಂಬರು), ಇಬಿಎಕ್ಸ್‌ಗೆ 1 (ಪರದೆ), ಇಸಿಎಕ್ಸ್‌ಗೆ ಸಾಲಿನ ವಿಳಾಸ, ಇಡಿಎಕ್ಸ್‌ಗೆ ಅದರ ಉದ್ದ. ಡೇಟಾ ಸೆಕ್ಷನ್‌ನಲ್ಲಿದ್ದ ಸಾಲು ಸಲೀಸಾಗಿ ಬಂತು. ಅದನ್ನೇ ಸ್ಟ್ಯಾಕ್ (ಪ್ರೋಗ್ರಾಂನ ತಾತ್ಕಾಲಿಕ ಮೆಮೊರಿ) ಮೇಲಿಟ್ಟು ಕೊಟ್ಟರೆ ಪರದೆ ಖಾಲಿ! ಪ್ರೋಗ್ರಾಂ ಕ್ರ್ಯಾಶ್ ಕೂಡ ಆಗಲ್ಲ. ಜಿಡಿಬಿ ಅನ್ನೋ ಡೀಬಗರ್‌ನಲ್ಲಿ ನೋಡಿದರೆ ಇಎಎಕ್ಸ್‌ನಲ್ಲಿ ಮೈನಸ್ 14 ಕೂತಿತ್ತು, ಅಂದರೆ ವಿಳಾಸ ಸರಿಯಿಲ್ಲ ಅಂತ. ಈ ದಾರಿ 32 ಬಿಟ್ ಕಾಲದ್ದು. ವಿಳಾಸದ ಕೆಳಗಿನ 32 ಬಿಟ್ ಮಾತ್ರ ತಗೊಳ್ಳುತ್ತೆ. ಸ್ಟ್ಯಾಕ್ ಇರೋದು ಅದಕ್ಕಿಂತ ಎಷ್ಟೋ ಮೇಲೆ. 64 ಬಿಟ್ ಕೋಡ್‌ನಲ್ಲಿ ಇದನ್ನು ಬಿಟ್ಟುಬಿಡಿ.

ಸಿಸ್‌ಕಾಲ್‌ಗೆ ಬಂದರೆ ನಂಬರುಗಳೇ ಬೇರೆ. ರೈಟ್‌ಗೆ 1, ಪ್ರೋಗ್ರಾಂ ಮುಗಿಸುವ ಎಕ್ಸಿಟ್‌ಗೆ 60. ಆರ್ಗ್ಯುಮೆಂಟ್‌ಗಳು (ಕರೆಗೆ ಕೊಡುವ ಬೆಲೆಗಳು) ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್ ಅಂತ ಸಾಗಿ, ನಾಲ್ಕನೆಯದು ಆರ್‌ಸಿಎಕ್ಸ್ ಬದಲು ಆರ್10ಕ್ಕೆ ಹೋಗುತ್ತೆ. ಯಾಕಂದ್ರೆ ವಾಪಸ್ ಬರುವ ವಿಳಾಸವನ್ನು ಸಿಪಿಯು ಆರ್‌ಸಿಎಕ್ಸ್‌ನಲ್ಲೇ ಇಡುತ್ತೆ, ಫ್ಲ್ಯಾಗ್‌ಗಳನ್ನು ಆರ್11ರಲ್ಲಿ. ಲೂಪ್‌ಗೆ ಅಂತ ಆರ್‌ಸಿಎಕ್ಸ್‌ನಲ್ಲಿ 5 ಇಟ್ಟು ಒಂದು ಕರೆ ಮಾಡಿ ನೋಡಿ. 5 ಮಾಯ, ಅಲ್ಲಿ ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸ ಇರುತ್ತೆ. ಎಣಿಕೆಗೆ ಆರ್12 ಬಳಸಿದರೆ ತಲೆನೋವಿಲ್ಲ. ಕರ್ನಲ್ ಜೊತೆ ನೇರವಾಗಿ ಮಾತಾಡೋ ಖುಷಿ ಇಲ್ಲೇ ಜಾಸ್ತಿ.

ಲಿಬ್‌ಸಿಗೆ ಶಿಸ್ತು ಬೇಕು. ಕಾಲ್ ಮಾಡೋ ಮುಂಚೆ ಸ್ಟ್ಯಾಕ್ 16 ಬೈಟ್‌ಗೆ ಸರಿಹೊಂದಿರಬೇಕು. ಸಾಲು ಮೂಡಿಸುವ ಫಂಕ್ಷನ್ ಪ್ರಿಂಟ್‌ಎಫ್‌ಗೆ ಪೂರ್ಣಾಂಕ ಮಾತ್ರ ಕೊಡೋದಾದರೆ ಎಎಲ್‌ನಲ್ಲಿ (ಆರ್‌ಎಎಕ್ಸ್‌ನ ಕೆಳಗಿನ ಬೈಟ್) ಸೊನ್ನೆ ಇಡಬೇಕು. ಪ್ರಿಂಟ್‌ಎಫ್ ಮಾಡಿ ನೇರ ಸಿಸ್‌ಕಾಲ್ 60ರಿಂದ ಹೊರಬಿದ್ದರೆ ಟರ್ಮಿನಲ್‌ನಲ್ಲಿ ಸಾಲು ಕಾಣುತ್ತೆ, ಫೈಲಿಗೆ ತಿರುಗಿಸಿದರೆ ಫೈಲ್ ಖಾಲಿ. ಲಿಬ್‌ಸಿ ಬರೆಯೋ ಮುಂಚೆ ಕೂಡಿಟ್ಟುಕೊಳ್ಳುವ ಬಫರ್‌ನಲ್ಲಿದ್ದದ್ದು ಅಲ್ಲೇ ಉಳಿಯಿತು, ಅಷ್ಟೆ. ಎರಡನ್ನೂ ಬೆರೆಸಬಾರದು.

ಆದ್ರೂ ಒಂದು ಕಡೆ ಲಿಬ್‌ಸಿಯೇ ಗೆಲ್ಲುತ್ತೆ. ಸಮಯ ಕೇಳುವ ಕ್ಲಾಕ್‌ಗೆಟ್‌ಟೈಮ್ ಕರೆದಾಗ ಸಾಮಾನ್ಯವಾಗಿ ಎಸ್‌ಟ್ರೇಸ್‌ನಲ್ಲಿ (ಕರ್ನಲ್‌ಗೆ ಹೋದ ಕರೆಗಳನ್ನು ತೋರಿಸುವ ಸಾಧನ) ಅದರ ಸುಳಿವೇ ಇರಲ್ಲ. ಪ್ರೋಗ್ರಾಂನ ಮೆಮೊರಿಯಲ್ಲೇ ಕರ್ನಲ್ ಇಟ್ಟಿರುವ ಪುಟ್ಟ ಕೋಡ್, ವಿಡಿಎಸ್‌ಒ ಮೂಲಕ ಕರ್ನಲ್‌ಗೆ ಹೋಗದೆಯೇ ಸಮಯ ಸಿಗುತ್ತೆ. ನೇರ ಸಿಸ್‌ಕಾಲ್‌ಗೆ ಈ ಅನುಕೂಲ ಇಲ್ಲ.

ಲಿನಕ್ಸ್‌ನಲ್ಲಿ ಈ ನಂಬರುಗಳನ್ನು ಬದಲಾಯಿಸಲ್ಲ, ಹಾಗಾಗಿ ಸಿಸ್‌ಕಾಲ್ ಬಳಸೋಕೆ ಭಯ ಇಲ್ಲ. ವಿಂಡೋಸ್‌ನಲ್ಲಿ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಅಲ್ಲಿ ರೈಟ್‌ಫೈಲ್‌ನಂಥ ಫಂಕ್ಷನ್‌ಗಳನ್ನೇ ಕರೆಯಿರಿ.