ಒಸಿಐ ಪುಸ್ತಿಕೆ: ಫುಟ್‌ಬಾಲ್ ಆಡುವ ಮಗಳಿರುವ ಮನೆಯಿಂದ ಒಂದು ವಿಮರ್ಶೆ

ನನ್ನ ಹದಿಮೂರು ವರ್ಷದ ಮಗಳ ಹೆಸರಿನ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಪುಸ್ತಿಕೆ, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ದಾಖಲೆ, ಕಳೆದ ತಿಂಗಳು ಅಂಚೆಯಲ್ಲಿ ಬಂತು. ಪಾಸ್‌ಪೋರ್ಟಿನ ಅಳತೆಯದೇ ತೆಳ್ಳಗಿನ ಪುಸ್ತಿಕೆ. ರಟ್ಟಿನ ಮೇಲೆ ಸಿಂಹಲಾಂಛನ, ಅದರ ಜೊತೆಗೆ ‘ಭಾರತದ ಸಾಗರೋತ್ತರ ನಾಗರಿಕ’ ಎಂದು ಅರ್ಥ ಕೊಡುವ ಇಂಗ್ಲಿಷ್ ಅಕ್ಷರಗಳು. ಅಭ್ಯಾಸ ಮುಗಿಸಿ ಬಂದ ಮಗಳು ಕೆಸರು ಮೆತ್ತಿದ ಬೂಟುಗಳನ್ನು ಬಾಗಿಲ ಹೊರಗೆ ಬಿಟ್ಟು, ಕೈ ಒರೆಸಿಕೊಂಡು ಪುಸ್ತಿಕೆಯನ್ನು ಎತ್ತಿಕೊಂಡಳು. ‘ನಾಗರಿಕ’ ಎಂಬ ಪದದ ಮೇಲೆ ಬೆರಳಿಟ್ಟು, “ಅಮ್ಮಾ, ಹಾಗಾದರೆ ನಾನು ಇಂಡಿಯಾ ಟೀಮಿಗೆ ಆಡಬಹುದಾ?” ಎಂದು ಕೇಳಿದಳು. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ನನಗೆ ಎರಡು ವಾರ ಹಿಡಿಯಿತು. ಹೊರದೇಶದಲ್ಲಿ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವ ಕನ್ನಡದ ಕುಟುಂಬಗಳು ಈಗ ಹಲವು ಇವೆ; ಈ ಸೇವೆಯನ್ನು ಪಡೆಯುವ ಮೊದಲು ಅವರಿಗೆ ವಿಷಯ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ಲೆಸ್ಟರ್ ಬಳಿಯ ಒಂದು ಊರಿನಲ್ಲಿ. ನನ್ನ ತವರು ತಿಪಟೂರು. ಮಗಳು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ; ನಾನು ಮತ್ತು ನನ್ನ ಯಜಮಾನರು ಆಮೇಲೆ ಇಲ್ಲಿಯ ಪೌರತ್ವ ಪಡೆದವರು. ಬ್ರಿಟನ್ ತನ್ನ ಪ್ರಜೆಗಳಿಗೆ ಎರಡು ಪೌರತ್ವಗಳನ್ನು ಇಟ್ಟುಕೊಳ್ಳಲು ಬಿಡುತ್ತದೆ, ಭಾರತ ಬಿಡುವುದಿಲ್ಲ. ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣದಲ್ಲೇ ಭಾರತೀಯ ಪೌರತ್ವ ಮುಗಿಯುತ್ತದೆ. ನನ್ನ ಹಳೆಯ ಪಾಸ್‌ಪೋರ್ಟ್ ರದ್ದಾದ ಮುದ್ರೆ ಹೊತ್ತು ಹಿಂತಿರುಗಿದ ದಿನ ಅದನ್ನು ಸೀರೆಗಳ ನಡುವೆ ಇಟ್ಟು ಬೀರುವಿನ ಬಾಗಿಲು ಹಾಕಿದ್ದು ಇನ್ನೂ ನೆನಪಿದೆ. ಇಂಥವರಿಗಾಗಿಯೇ ಭಾರತ ಸರ್ಕಾರವು 2006ರ ಜನವರಿಯಲ್ಲಿ, ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಂದು, ಒಸಿಐ ಯೋಜನೆಯನ್ನು ಆರಂಭಿಸಿತು. 2015ರಲ್ಲಿ ಹಳೆಯ ಪಿಐಒ (ಭಾರತ ಮೂಲದ ವ್ಯಕ್ತಿ) ಕಾರ್ಡನ್ನೂ ಇದರಲ್ಲೇ ವಿಲೀನಗೊಳಿಸಿತು.

ಅರ್ಜಿ ಹಾಕುವ ಅನುಭವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆನ್‌ಲೈನ್ ಅರ್ಜಿಗೆ ಎರಡು ಭಾಗಗಳಿವೆ. ಭಾವಚಿತ್ರ ಚೌಕಾಕಾರವಾಗಿರಬೇಕು, ಸಹಿಯ ಚಿತ್ರದ ಅಗಲವು ಎತ್ತರದ ಮೂರರಷ್ಟಿರಬೇಕು. ನಮ್ಮ ಮಗಳ ಸಹಿ ಎರಡು ಬಾರಿ ಈ ಅಳತೆಗೆ ಹೊಂದದೆ ತಿರಸ್ಕೃತವಾಯಿತು. ಮೂರನೆಯ ಬಾರಿ ಅವಳು ಉದ್ದನೆಯ ಕಾಗದದ ಪಟ್ಟಿಯ ಮೇಲೆ ದಪ್ಪ ಪೆನ್ನಿನಿಂದ ಬರೆದಾಗ ಹೊಂದಿತು. ಹೊರದೇಶಗಳಲ್ಲಿ ಹೊಸ ಅರ್ಜಿಗೆ ಸಾಮಾನ್ಯವಾಗಿ 275 ಅಮೆರಿಕನ್ ಡಾಲರ್‌ಗೆ ಸಮನಾದ ಶುಲ್ಕವಿದೆ. ಜೀವಮಾನವಿಡೀ ವೀಸಾ ಬೇಡದೆ ಬಂದುಹೋಗುವ ಅನುಕೂಲಕ್ಕೆ ಇದು ದುಬಾರಿಯಲ್ಲ. 20 ವರ್ಷ ತುಂಬುವವರೆಗೆ ಹೊಸ ಪಾಸ್‌ಪೋರ್ಟ್ ಮಾಡಿಸಿದಾಗಲೆಲ್ಲ ಪುಸ್ತಿಕೆಯನ್ನು ಬದಲಿಸಬೇಕಾಗಿಲ್ಲ, ದಾಖಲೆಯನ್ನು ಆನ್‌ಲೈನ್‌ನಲ್ಲಿ ಸೇರಿಸಿದರೆ ಸಾಕು. 20 ತುಂಬಿದ ಮೇಲೆ ಪಡೆದ ಹೊಸ ಪಾಸ್‌ಪೋರ್ಟಿಗೆ ಒಂದು ಬಾರಿ ಮರುವಿತರಣೆ ಮಾಡಿಸಿಕೊಳ್ಳಬೇಕು.

ಆದರೆ ಒಂದು ವಿಷಯವನ್ನು ಮಾತ್ರ ಹೇಳದೆ ಬಿಡಲಾರೆ. ಅರ್ಜಿ ಸ್ವೀಕರಿಸುವ ಕೇಂದ್ರದ ಕೌಂಟರಿನಲ್ಲಿ ಮಗಳ ಟ್ರ್ಯಾಕ್ ಸೂಟನ್ನು ನೋಡಿದ ಸಿಬ್ಬಂದಿಯೊಬ್ಬರು, ಬಹಳ ಪ್ರೀತಿಯಿಂದಲೇ, “ಇದು ಕೈಗೆ ಬಂದರೆ ಮುಂದೆ ಇಂಡಿಯಾಕ್ಕೂ ಆಡಬಹುದಮ್ಮಾ” ಎಂದಿದ್ದರು. ಅವರ ಮನಸ್ಸು ಒಳ್ಳೆಯದು, ಆದರೆ ಮಾತು ತಪ್ಪು. ಆ ಒಂದು ಮಾತನ್ನು ಮಗು ಆರು ವಾರ ಹೊತ್ತು ತಿರುಗಿತು.

ಒಸಿಐ ಎಂಬುದು ಪೌರತ್ವವಲ್ಲ, ಆಜೀವ ವೀಸಾ ಮತ್ತು ಅದರ ಜೊತೆಗಿನ ಕೆಲವು ಸೌಲಭ್ಯಗಳ ಕಟ್ಟು. ಇದರಿಂದ ಮತದಾನದ ಹಕ್ಕು ಬರುವುದಿಲ್ಲ. ಕೃಷಿಭೂಮಿ ಮತ್ತು ತೋಟ ಕೊಳ್ಳುವಂತಿಲ್ಲ. ತಂದೆಯಿಂದ ಬರುವ ತೆಂಗಿನ ತೋಟಕ್ಕೆ ಉತ್ತರಾಧಿಕಾರಿಯಾಗಬಹುದು, ಪಕ್ಕದ ಎರಡು ಎಕರೆ ಖರೀದಿಸಲಾಗದು. ಫುಟ್‌ಬಾಲ್ ವಿಚಾರಕ್ಕೆ ಬಂದರೆ ಇಲ್ಲಿ ಎರಡು ಬಾಗಿಲುಗಳಿವೆ, ಎರಡಕ್ಕೂ ಬೀಗವಿದೆ. ಮೊದಲನೆಯದು ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮ: ವಾಸಸ್ಥಳವನ್ನು ಅವಲಂಬಿಸದ ಶಾಶ್ವತ ರಾಷ್ಟ್ರೀಯತೆ ಇರುವವರು ಮಾತ್ರ ಆ ದೇಶದ ತಂಡಕ್ಕೆ ಆಡಲು ಅರ್ಹರು, ಮತ್ತು ಒಸಿಐ ರಾಷ್ಟ್ರೀಯತೆಯಲ್ಲ. ಎರಡನೆಯದು ಭಾರತದ್ದೇ: 2008ರ ಕೊನೆಯಲ್ಲಿ ಕ್ರೀಡಾ ಸಚಿವಾಲಯವು ಭಾರತೀಯ ಪಾಸ್‌ಪೋರ್ಟ್ ಇರುವವರಿಗಷ್ಟೇ ದೇಶದ ಪ್ರಾತಿನಿಧ್ಯ ಎಂದು ತೀರ್ಮಾನಿಸಿತು. ಅದಕ್ಕೆ ಮುಂಚೆ ಅಮೆರಿಕದ ಪಾಸ್‌ಪೋರ್ಟ್ ಹೊಂದಿದ್ದ ಪ್ರಕಾಶ್ ಅಮೃತರಾಜ್ ಡೇವಿಸ್ ಕಪ್ ಟೆನಿಸ್‌ನಲ್ಲಿ ಭಾರತಕ್ಕೆ ಆಡಿದ್ದರು. ಆ ದಾರಿ ಅಲ್ಲಿಗೆ ಮುಚ್ಚಿತು. 2010ರಲ್ಲಿ ದೆಹಲಿ ಹೈಕೋರ್ಟ್ ಕೂಡ ಈ ನೀತಿಯನ್ನು ಎತ್ತಿಹಿಡಿಯಿತು.

ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಕೌಂಟಿಯ ಲಫ್‌ಬರೋದಲ್ಲಿ ಹುಟ್ಟಿ, ಲೆಸ್ಟರ್ ಸಿಟಿ ಕ್ಲಬ್ಬಿನಲ್ಲಿ ಬೆಳೆದ ಫುಟ್‌ಬಾಲ್ ಆಟಗಾರ ಹಮ್ಜಾ ಚೌಧುರಿ ಇದ್ದಾರೆ. ತಾಯಿ ಬಾಂಗ್ಲಾದೇಶ ಮೂಲದವರು. ಇಂಗ್ಲೆಂಡಿನ 21ರ ಒಳಗಿನವರ ತಂಡಕ್ಕೆ ಆಡಿದ್ದ ಅವರು 2024ರಲ್ಲಿ ಬಾಂಗ್ಲಾದೇಶದ ಪಾಸ್‌ಪೋರ್ಟ್ ಪಡೆದರು, ಡಿಸೆಂಬರ್‌ನಲ್ಲಿ ಫಿಫಾ ಅನುಮತಿ ಕೊಟ್ಟಿತು, 2025ರ ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ಮೊದಲ ಪಂದ್ಯ ಆಡಿದರು. ಎದುರಾಳಿ ಭಾರತವೇ, ಪಂದ್ಯ ಗೋಲಿಲ್ಲದೆ ಸಮವಾಯಿತು. ಬ್ರಿಟಿಷ್ ಪೌರತ್ವವನ್ನು ಅವರು ಬಿಡಬೇಕಾಗಿ ಬರಲಿಲ್ಲ, ಏಕೆಂದರೆ ಬಾಂಗ್ಲಾದೇಶ ಬ್ರಿಟನ್ನಿನಂಥ ದೇಶಗಳೊಂದಿಗೆ ಎರಡು ಪೌರತ್ವವನ್ನು ಒಪ್ಪುತ್ತದೆ. ಅದೇ ವರ್ಷದ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ಭಾರತವನ್ನು 1–0ಯಿಂದ ಸೋಲಿಸಿತು. 2003ರ ನಂತರ ಭಾರತದ ಮೇಲೆ ಅವರಿಗೆ ಸಿಕ್ಕ ಮೊದಲ ಗೆಲುವು ಅದು. ನಮ್ಮ ಬೀದಿಯ ಸಿಲ್ಹೆಟ್ ಮೂಲದ ಅಂಗಡಿಯವರು ಮರುದಿನ ಮಗಳಿಗೆ ಒಂದು ಚಾಕೊಲೇಟ್ ಕೊಟ್ಟು, ಅವಳ ತಲೆ ಸವರಿ ಕಳಿಸಿದರು. ಅವರ ಸಂತೋಷ ನನಗೆ ಅರ್ಥವಾಯಿತು. ನಮ್ಮ ಮಗುವಿಗೂ ಅಂಥ ದಿನ ಬರಲಿ ಎಂಬ ಆಸೆ ತಪ್ಪೇನೂ ಅಲ್ಲ.

ಇದೇ ಇಂಗ್ಲೆಂಡಿನಲ್ಲಿ ಹುಟ್ಟಿದ ಭಾರತ ಮೂಲದ ಆಟಗಾರರಾದ ಮೈಕೆಲ್ ಚೋಪ್ರಾ ಮತ್ತು ಯಾನ್ ಧಂಡಾ ಇಬ್ಬರೂ ಭಾರತಕ್ಕೆ ಆಡುವ ಇಚ್ಛೆ ತೋರಿದವರೇ. ಪಾಸ್‌ಪೋರ್ಟ್ ಬಿಡಬೇಕಾದ ಷರತ್ತು ಇಬ್ಬರಿಗೂ ಅಡ್ಡ ಬಂತು. ಅವರನ್ನು ದೂರುವುದು ಸರಿಯಲ್ಲ. ಆಟಗಾರನ ದುಡಿಮೆಯ ವರ್ಷಗಳು ಕಡಿಮೆ, ಪೌರತ್ವ ಬಿಟ್ಟವನು ಮರುದಿನದಿಂದಲೇ ತಾನು ಹುಟ್ಟಿದ ಊರಿನಲ್ಲಿ ಕೆಲಸ ಮಾಡಲು ಪರವಾನಗಿ ಕೇಳಬೇಕಾಗುತ್ತದೆ. ಆ ಹೆಜ್ಜೆ ಇಟ್ಟವರೂ ಇದ್ದಾರೆ. ಜಪಾನಿ ತಾಯಿ ಮತ್ತು ಗುಜರಾತಿ ತಂದೆಯ ಮಗ ಅರಾತಾ ಇಝುಮಿ ಜಪಾನಿನ ಪೌರತ್ವ ತೊರೆದು 2013ರಲ್ಲಿ ಭಾರತಕ್ಕೆ ಆಡಿದರು. ಬೆಂಗಳೂರು ಎಫ್‌ಸಿಯ ರಯನ್ ವಿಲಿಯಮ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ತಾಯಿ ಮುಂಬೈಯ ಆಂಗ್ಲೋ ಇಂಡಿಯನ್ ಕುಟುಂಬದವರು, ತಾಯಿಯ ತಂದೆ ಬಾಂಬೆ ಪರವಾಗಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಆಡಿದವರು. 2023ರಿಂದ ಬೆಂಗಳೂರಿನಲ್ಲಿ ಆಡುತ್ತಿದ್ದ ಅವರು ಆಸ್ಟ್ರೇಲಿಯಾದ ಪೌರತ್ವ ಬಿಟ್ಟು 2025ರ ನವೆಂಬರ್‌ನಲ್ಲಿ ಸುನಿಲ್ ಛೇತ್ರಿಯವರ ಕೈಯಿಂದ ಭಾರತದ ಪಾಸ್‌ಪೋರ್ಟ್ ಸ್ವೀಕರಿಸಿದರು. ಆ ಚಿತ್ರವನ್ನು ಮಗಳು ಫೋನಿನಲ್ಲಿ ದೊಡ್ಡದು ಮಾಡಿ, ಪಾಸ್‌ಪೋರ್ಟಿನ ರಟ್ಟಿನ ಬಣ್ಣವನ್ನು ತನ್ನ ಪುಸ್ತಿಕೆಯ ಪಕ್ಕದಲ್ಲಿ ಹಿಡಿದು ನೋಡಿದಳು. ಅಷ್ಟಾದರೂ ಅವರಿಗೆ ಆ ತಿಂಗಳು ಢಾಕಾದಲ್ಲಿ ಆಡಲಾಗಲಿಲ್ಲ. ಪಾಸ್‌ಪೋರ್ಟ್ ಬಂದ ಮೇಲೂ ಆಸ್ಟ್ರೇಲಿಯಾದ ಫುಟ್‌ಬಾಲ್ ಸಂಸ್ಥೆಯ ಒಪ್ಪಿಗೆ ಮತ್ತು ಫಿಫಾದ ಅನುಮತಿ ಬರುವವರೆಗೆ ಕಾಯಬೇಕಾಯಿತು.

ಫಿಫಾದ ಮಟ್ಟಿಗೆ ನಿಯಮಗಳು ಈಗ ಮೊದಲಿನಷ್ಟು ಬಿಗಿಯಾಗಿಲ್ಲ. ಸ್ನೇಹಪಂದ್ಯ ಆಟಗಾರನನ್ನು ಕಟ್ಟಿಹಾಕುವುದಿಲ್ಲ. ಸ್ಪೇನಿನಲ್ಲಿ ಹುಟ್ಟಿದ ಮೊರಾಕ್ಕೊ ಮೂಲದ ಮುನೀರ್ ಎಲ್ ಹದ್ದಾದಿ 2014ರಲ್ಲಿ ಸ್ಪೇನ್ ಪರ ಅಧಿಕೃತ ಪಂದ್ಯವೊಂದರಲ್ಲಿ ಹದಿಮೂರು ನಿಮಿಷದಷ್ಟು ಆಡಿದ ಕಾರಣಕ್ಕೆ ವರ್ಷಗಟ್ಟಲೆ ಮೊರಾಕ್ಕೊ ತಂಡದಿಂದ ಹೊರಗುಳಿಯಬೇಕಾಯಿತು. 2020ರ ತಿದ್ದುಪಡಿಯ ನಂತರ ಅವರಿಗೆ ದಾರಿ ತೆರೆಯಿತು. ಈಗ 21 ತುಂಬುವ ಮುನ್ನ ಹಿರಿಯರ ತಂಡಕ್ಕೆ ಮೂರಕ್ಕಿಂತ ಹೆಚ್ಚು ಪಂದ್ಯ ಆಡಿರದವರು, ಆ ಬಳಿಕ ಮೂರು ವರ್ಷ ಕಳೆದಿದ್ದರೆ ಮತ್ತು ವಿಶ್ವಕಪ್‌ನಲ್ಲಾಗಲಿ ಖಂಡದ ಪ್ರಧಾನ ಟೂರ್ನಿಯಲ್ಲಾಗಲಿ ಆಡಿರದಿದ್ದರೆ, ತಂಡ ಬದಲಿಸಬಹುದು. ಆದರೆ ಇಲ್ಲೊಂದು ಮುಖ್ಯ ಷರತ್ತಿದೆ: ಹಳೆಯ ತಂಡಕ್ಕೆ ಮೊದಲ ಅಧಿಕೃತ ಪಂದ್ಯ ಆಡುವ ದಿನವೇ ಹೊಸ ದೇಶದ ರಾಷ್ಟ್ರೀಯತೆ ಕೈಯಲ್ಲಿದ್ದಿರಬೇಕು. ಎರಡು ಪೌರತ್ವಗಳನ್ನು ಹುಟ್ಟಿನಿಂದಲೇ ಹೊತ್ತ ಮಗುವಿಗೆ ಇದು ತಾನಾಗಿ ಪೂರೈಸುತ್ತದೆ. ಒಸಿಐ ಮಾತ್ರ ಇರುವ ಮಗುವಿಗೆ ಎಂದೂ ಪೂರೈಸುವುದಿಲ್ಲ. ಹೀಗಾಗಿ ನಮ್ಮ ಮಕ್ಕಳು ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಒಂದೇ ಒಂದು ಅಧಿಕೃತ ಪಂದ್ಯ ಆಡಿದರೂ ಭಾರತದ ದಾರಿ ಬಹುತೇಕ ಮುಚ್ಚಿದಂತೆಯೇ. ಕೌಂಟರಿನಲ್ಲಾಗಲಿ ಪುಸ್ತಿಕೆಯ ಜೊತೆ ಬಂದ ಕಾಗದದಲ್ಲಾಗಲಿ ಇದನ್ನು ಯಾರೂ ನಮಗೆ ಹೇಳಲಿಲ್ಲ.

ಇಷ್ಟು ಓದಿದವರಿಗೆ ಒಸಿಐ ಆಟಗಾರರಿಗೆ ನಿರರ್ಥಕ ಎನಿಸಬಹುದು. ನನಗೂ ಹಾಗೆಯೇ ಅನಿಸಿತ್ತು, ಪೌರತ್ವ ಕಾಯ್ದೆಯ 5ನೇ ಸೆಕ್ಷನ್ನನ್ನು ಪೂರ್ತಿ ಓದುವವರೆಗೆ. ಒಸಿಐ ಕಾರ್ಡುದಾರನಾಗಿ 5 ವರ್ಷ ನೋಂದಣಿಯಲ್ಲಿದ್ದ ವಯಸ್ಕನು, ಅರ್ಜಿಗೆ ಮುಂಚಿನ 12 ತಿಂಗಳು ಭಾರತದಲ್ಲೇ ನೆಲೆಸಿದ್ದರೆ, ಭಾರತದ ಪೌರನಾಗಿ ನೋಂದಾಯಿಸಿಕೊಳ್ಳಲು ಅರ್ಜಿ ಹಾಕಬಹುದು. ಆಗ ಇನ್ನೊಂದು ದೇಶದ ಪೌರತ್ವವನ್ನು ಬಿಡಬೇಕು, ಅದು ನಿಜ. ಆದರೆ ಒಸಿಐ ನೋಂದಣಿಯಾದ ದಿನದಿಂದ ಒಂದು ಗಡಿಯಾರ ಓಡಲು ಶುರುವಾಗುತ್ತದೆ. ನನ್ನ ಮಗಳಿಗೆ ಈಗ 13. ಅವಳ 18ನೇ ವಯಸ್ಸಿನಲ್ಲೇ ಆ 5 ವರ್ಷಗಳು ಮುಗಿಯುತ್ತವೆ. ಒಂದು ವರ್ಷ ಬೆಂಗಳೂರಿನಲ್ಲಿ ಓದಿ ಅಲ್ಲಿಯ ಕ್ಲಬ್ಬಿನಲ್ಲಿ ಆಡಿದರೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ. ನಾನು ಭಾರತದಲ್ಲಿ ಹುಟ್ಟಿದವಳಾದ್ದರಿಂದ ಫಿಫಾ ಕೇಳುವ ವಂಶದ ನಂಟಿಗೂ ಕೊರತೆಯಿಲ್ಲ. ಇನ್ನೊಂದು ಸಂಗತಿ ಬ್ರಿಟನ್ನಿನಲ್ಲಿರುವವರಿಗೆ ಬಹಳ ಮುಖ್ಯ: 1981ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆಯಂತೆ, ಬೇರೆ ಪೌರತ್ವ ಪಡೆಯುವ ಅಗತ್ಯಕ್ಕಾಗಿ ಬ್ರಿಟಿಷ್ ಪೌರತ್ವವನ್ನು ಬಿಟ್ಟವರು ಜೀವನದಲ್ಲಿ ಒಂದು ಸಲ ಅದನ್ನು ಹಕ್ಕಿನಿಂದ ಮರಳಿ ಪಡೆಯಬಹುದು. ಮರಳಿ ಪಡೆದ ದಿನ ಭಾರತದ ಪೌರತ್ವ ಹೋಗುತ್ತದೆ, ಆದರೆ ಅಷ್ಟರಲ್ಲಿ ಆಟದ ವರ್ಷಗಳು ಮುಗಿದಿರಬಹುದು.

ಆದ್ದರಿಂದ ನನ್ನ ಸಲಹೆ ಇಷ್ಟು: ಮಗು ಚೆಂಡನ್ನು ಗಂಭೀರವಾಗಿ ತೆಗೆದುಕೊಂಡಿದೆ ಎನಿಸಿದರೆ ಒಸಿಐಯನ್ನು 13 ತುಂಬುವುದರೊಳಗೆ ಮಾಡಿಸಿಬಿಡಿ, ವಿತರಣೆಯ ದಿನಾಂಕವಿರುವ ಪುಟದ ಪ್ರತಿ ತೆಗೆದಿಡಿ. ಪ್ರವಾಸಕ್ಕೆ, ಅಜ್ಜ ಅಜ್ಜಿಯರ ಬಳಿ ರಜೆ ಕಳೆಯಲಿಕ್ಕೆ, ಓದಿಗೆ ಈ ಸೇವೆ ಐದಕ್ಕೆ ನಾಲ್ಕೂವರೆ ಅಂಕಕ್ಕೆ ಯೋಗ್ಯ. ಕ್ರೀಡಾಪಟುವಿನ ಕುಟುಂಬಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಆ ಎರಡು ಅಂಕಗಳೂ 5ನೇ ಸೆಕ್ಷನ್ನಿನ ಆ ಕಿರುದಾರಿಗೆ ಮಾತ್ರ.

ಭಾರತ ಎರಡು ಪೌರತ್ವವನ್ನು ಕೊಡಲೇಬೇಕೆಂದು ನಾನು ವಾದಿಸುವುದಿಲ್ಲ. ಅದು ಫುಟ್‌ಬಾಲಿಗಿಂತ ದೊಡ್ಡ ಪ್ರಶ್ನೆ. ಇಂಡೊನೇಷ್ಯಾ ಕೂಡ ವಯಸ್ಕರಿಗೆ ಒಂದೇ ಪೌರತ್ವ ಎನ್ನುವ ದೇಶ. ಆದರೂ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಇಂಡೊನೇಷ್ಯಾ ಮೂಲದ ಜೇ ಇಡ್ಝೆಸ್‌ರಂಥ ಆಟಗಾರರ ಅರ್ಜಿಗಳನ್ನು ಅಲ್ಲಿಯ ಸಂಸತ್ತು ಕೈಗೆತ್ತಿಕೊಂಡು, ತ್ವರಿತವಾಗಿ ಪೌರತ್ವ ಕೊಟ್ಟು, 2025ರಲ್ಲಿ ಏಷ್ಯಾದ ವಿಶ್ವಕಪ್ ಅರ್ಹತಾ ಹಣಾಹಣಿಯ ನಾಲ್ಕನೇ ಸುತ್ತಿನವರೆಗೆ ತಂಡವನ್ನು ಕೊಂಡೊಯ್ದಿತು. ಕಾನೂನು ಬದಲಿಸದೆಯೂ ದಾರಿಯನ್ನು ಸುಗಮ ಮಾಡಬಹುದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಒಸಿಐ ಅರ್ಜಿಯಲ್ಲೇ ‘ಅರ್ಜಿದಾರರು ಕ್ರೀಡಾಪಟುವೇ’ ಎಂಬ ಒಂದು ಸಾಲು ಸೇರಿಸಿ, ಹೌದು ಎಂದವರಿಗೆ ಈ ನಿಯಮಗಳ ಒಂದು ಪುಟವನ್ನು ಕೊಟ್ಟರೂ ಎಷ್ಟೋ ಮನೆಗಳಿಗೆ ಉಪಕಾರವಾದೀತು.

2025ರ ಜುಲೈ 5ರಂದು ಭಾರತದ ಮಹಿಳೆಯರು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ, ಮೊದಲ ಬಾರಿಗೆ ಅರ್ಹತಾ ಸುತ್ತನ್ನು ಗೆದ್ದುಕೊಂಡು ಏಷ್ಯನ್ ಕಪ್‌ಗೆ ಸ್ಥಾನ ಪಡೆದರು. ಸಂಗೀತಾ ಬಾಸ್‌ಫೋರ್ ಎರಡೂ ಗೋಲುಗಳನ್ನು ಹೊಡೆದರು. ಅಂದು ಮಗಳು ಹಾಕಿಕೊಂಡಿದ್ದ ನೀಲಿ ಜರ್ಸಿ ತಿಪಟೂರಿನ ಸಂತೆಯಲ್ಲಿ ಅಜ್ಜಿ ಕೊಡಿಸಿದ್ದು. ಮೊನ್ನೆ ಫೋನಿನಲ್ಲಿ ಇದೆಲ್ಲವನ್ನೂ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಮ್ಮ ಮೊಮ್ಮಗಳನ್ನೇ ಕರೆದು, “ಅಂಗಾದ್ರೆ ಇನ್ನೂ ಐದು ವರ್ಷ ಐತಲ್ಲ ಪುಟ್ಟಿ, ಒಂದು ವರ್ಷ ಇಲ್ಲೇ ಬಂದಿರೋದು ತಾನೆ, ರೂಮು ಖಾಲಿನೇ ಐತೆ” ಎಂದರು. ಮಗಳು ಪುಸ್ತಿಕೆಯ ವಿತರಣಾ ದಿನಾಂಕಕ್ಕೆ ಐದು ವರ್ಷ ಕೂಡಿಸಿ, ಬಂದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದು ತನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದಾಳೆ.