ಲಂಡನ್‌ನಲ್ಲಿ ಒಬ್ಬರೇ ಒಂದು ದಿನ: ಟೂರ್ ಬಸ್ಸೋ, ಊರಿನ ಕೆಂಪು ಬಸ್ಸೋ?

ಬ್ರಿಟನ್ನಿನ ಬೇರೆ ಊರಲ್ಲಿ ಓದುತ್ತಲೋ ಕೆಲಸ ಮಾಡುತ್ತಲೋ ಇದ್ದು, ಒಂದು ಶನಿವಾರ ಒಬ್ಬರೇ ಲಂಡನ್ ಸುತ್ತಿ ಬರೋಣ ಅಂತಿದ್ದರೆ ಹಾಪ್-ಆನ್ ಹಾಪ್-ಆಫ್ ಟೂರ್ ಬಸ್ಸಿನ (ಒಂದೇ ಟಿಕೆಟ್ಟಲ್ಲಿ ಬೇಕಾದಲ್ಲಿ ಇಳಿದು ಹತ್ತುವ ಪ್ರವಾಸಿ ಬಸ್ಸು) ಟಿಕೆಟ್ ತಗೋಬೇಡಿ. ಊರಿನವರು ಓಡಾಡುವ ಕೆಂಪು ಬಸ್ಸೇ ಸಾಕು. ಎರಡರಲ್ಲೂ ಸುತ್ತಿಯೇ ಈ ಮಾತು ಹೇಳುತ್ತಿದ್ದೇನೆ.

ಟೂರ್ ಬಸ್ಸಿಗೆ ತಲೆಗೆ 30 ಪೌಂಡ್ ದಾಟುತ್ತದೆ. ಕೆಂಪು ಬಸ್ಸಿಗೆ 2025ರ ದರದಲ್ಲಿ ಒಂದು ಸಲಕ್ಕೆ 1.75 ಪೌಂಡ್. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡಿಲ್ಲ. ಬರೀ ಬಸ್ಸಲ್ಲೇ ಓಡಾಡಿದರೆ ದಿನದ ಲೆಕ್ಕ ಅದೇ ದರದಲ್ಲಿ 5.25ಕ್ಕೆ ನಿಲ್ಲುತ್ತದೆ, ಅಂದರೆ ಮೂರು ಸಲದ ದುಡ್ಡು, ಆಮೇಲಿನದೆಲ್ಲ ಪುಕ್ಕಟೆ. ನಡುವೆ ಟ್ಯೂಬ್, ಅಂದರೆ ಸುರಂಗ ರೈಲು ಹತ್ತಿದರೆ ಊರಿನ ನಡುಭಾಗದ 1 ಮತ್ತು 2ನೇ ವಲಯದೊಳಗೆ ದಿನದ ಮಿತಿ 2025ರಲ್ಲಿ 8.90 ಇತ್ತು.

ನೋಡುವ ಜಾಗಗಳಿಗೂ ಕೊರತೆಯಿಲ್ಲ. ಟವರ್ ಆಫ್ ಲಂಡನ್ ಹತ್ತಿರ 15ನೇ ನಂಬರ್ ಹತ್ತಿ, ಮಹಡಿ ಮೇಲೆ ಮುಂದಿನ ಸೀಟಲ್ಲಿ ಕೂತರೆ ಸೇಂಟ್ ಪಾಲ್ಸ್, ಫ್ಲೀಟ್ ಸ್ಟ್ರೀಟ್, ಸ್ಟ್ರ್ಯಾಂಡ್ ದಾಟಿ ಟ್ರಫಾಲ್ಗರ್ ಚೌಕದ ಬಳಿ ಇಳಿಯಬಹುದು. ಎದುರಿಗೇ ನ್ಯಾಷನಲ್ ಗ್ಯಾಲರಿ, ಪ್ರವೇಶ ಉಚಿತ, ಶೌಚಾಲಯದ ಚಿಂತೆಯೂ ತೀರುತ್ತದೆ. ಅಲ್ಲಿಂದ 9ನೇ ನಂಬರ್ ಪಿಕಡಿಲಿ, ಹೈಡ್ ಪಾರ್ಕ್ ಕಾರ್ನರ್, ರಾಯಲ್ ಆಲ್ಬರ್ಟ್ ಹಾಲ್ ಕಡೆಗೆ ಹೋಗುತ್ತದೆ. 24 ಪಾರ್ಲಿಮೆಂಟ್ ಕಡೆಗೆ. ದೊಡ್ಡ ವೃತ್ತಗಳಲ್ಲಿ ಪ್ರತಿ ನಿಲ್ದಾಣದ ಕಂಬಕ್ಕೂ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಬಸ್ ನಂಬರಿನ ಜೊತೆ ಆ ಅಕ್ಷರವನ್ನೂ ನೋಡಿಕೊಳ್ಳಿ, ಇಲ್ಲದಿದ್ದರೆ ಉಲ್ಟಾ ದಿಕ್ಕಿನ ಬಸ್ ಹತ್ತುತ್ತೀರಿ.

ಈಗ ಕೆಂಪು ಬಸ್ಸಿನ ಒಂದೇ ಒಂದು ಕಿರಿಕಿರಿ. ಬಸ್ಸಲ್ಲಿ ನಗದು ತಗೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ಹತ್ತುವಾಗ ಹಳದಿ ರೀಡರಿಗೆ ಬ್ಯಾಂಕ್ ಕಾರ್ಡೋ ಫೋನೋ ಮುಟ್ಟಿಸಬೇಕು. ದಿನದ ಮಿತಿ, ಒಂದು ಗಂಟೆಯ ರಿಯಾಯಿತಿ ಎರಡೂ ನಿಮ್ಮ ಹೆಸರಿಗಲ್ಲ, ಬ್ಯಾಂಕ್ ಖಾತೆಗೂ ಅಲ್ಲ, ಮುಟ್ಟಿಸಿದ ವಸ್ತುವಿಗೆ. ಫೋನಲ್ಲಿರುವುದೂ ಜೇಬಿನ ಪ್ಲಾಸ್ಟಿಕ್ಕೂ ಒಂದೇ ಡೆಬಿಟ್ ಕಾರ್ಡಾದರೂ ರೀಡರಿಗೆ ಅವು ಎರಡು ಬೇರೆ ಗಿರಾಕಿ. ವಾಚಿನಲ್ಲಿ ಮುಟ್ಟಿಸಿದರೆ ಮೂರನೆಯದು.

ಒಬ್ಬರೇ ಸುತ್ತುವಾಗ ಇದು ಕಾಡುವುದು ಸಹಜ. ಮ್ಯಾಪ್, ಫೋಟೊ, ಊರಿಗೆ ವಿಡಿಯೊ ಕಾಲ್ ಎಲ್ಲ ಒಂದೇ ಫೋನಿನ ಮೇಲೆ. ಮಧ್ಯಾಹ್ನಕ್ಕೆ ಬ್ಯಾಟರಿ ಇಳಿಯುತ್ತಿದ್ದಂತೆ ಕೈ ಕಾರ್ಡಿಗೆ ಹೋಗುತ್ತದೆ. ಬೆಳಗ್ಗೆ ಫೋನಲ್ಲಿ ಎರಡು ಸಲಕ್ಕೆ 3.50, ಆಮೇಲೆ ಕಾರ್ಡಲ್ಲಿ ಹೊಸದಾಗಿ ಮಿತಿಯವರೆಗೆ 5.25, ಒಟ್ಟು 8.75. ಟ್ಯೂಬಿನಲ್ಲಿ ಇನ್ನೂ ಕಷ್ಟ. ಅಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮುಟ್ಟಿಸಬೇಕು. ಫೋನಲ್ಲಿ ಒಳಗೆ, ಕಾರ್ಡಲ್ಲಿ ಹೊರಗೆ ಬಂದರೆ ಎರಡು ಅರ್ಧ ಪ್ರಯಾಣ ಅಂತ ಲೆಕ್ಕ, ಎರಡಕ್ಕೂ ಗರಿಷ್ಠ ಶುಲ್ಕ, ಅದು ದಿನದ ಮಿತಿಯೊಳಗೂ ಸೇರುವುದಿಲ್ಲ.

ಆದ್ದರಿಂದ ಬೆಳಗ್ಗೆಯೇ ಒಂದು ಪ್ಲಾಸ್ಟಿಕ್ ಕಾರ್ಡ್ ಗೊತ್ತುಮಾಡಿಕೊಂಡು, ಅದೊಂದನ್ನೇ ಬೇರೆ ಜೇಬಲ್ಲಿಡಿ. ಪರ್ಸನ್ನೇ ಮುಟ್ಟಿಸಬೇಡಿ, ಒಳಗೆ ಎರಡು ಕಾರ್ಡಿದ್ದರೆ ಯಾವುದನ್ನು ಓದುತ್ತದೋ ಹೇಳಲಾಗದು. ಫೋನ್ ಕವರಿನ ಹಿಂದೆ ಕಾರ್ಡ್ ಸಿಕ್ಕಿಸಿಕೊಳ್ಳುವವರಿಗೂ ಇದೇ ತೊಂದರೆ. ಐಫೋನಲ್ಲೇ ಮಾಡುವುದಾದರೆ ವಾಲೆಟ್ ಸೆಟ್ಟಿಂಗಿನಲ್ಲಿ ಎಕ್ಸ್‌ಪ್ರೆಸ್ ಟ್ರಾವೆಲ್ ಕಾರ್ಡ್ ಯಾವುದು ಅಂತ ಮೊದಲೇ ನೋಡಿ, ಮುಖ ತೋರಿಸದೆಯೇ ಹಣ ಹೋಗುವುದು ಅದರಿಂದಲೇ. ಭಾರತದ ಕಾರ್ಡಾದರೆ ವಿದೇಶಿ ವಿನಿಮಯ ಶುಲ್ಕ ಬೀಳಬಹುದು. ಇಲ್ಲಿನ ಖಾತೆಯದ್ದೇ ವಾಸಿ. ವಿದ್ಯಾರ್ಥಿಗಳ ಹತ್ತಿರ 16-25 ರೈಲ್‌ಕಾರ್ಡ್ (ರೈಲು ದರದ ರಿಯಾಯಿತಿ ಕಾರ್ಡ್) ಇದ್ದರೆ ಟ್ಯೂಬ್ ನಿಲ್ದಾಣದ ಸಿಬ್ಬಂದಿಗೆ ಹೇಳಿ ಆಯಿಸ್ಟರ್ ಕಾರ್ಡಿಗೆ, ಅಂದರೆ ದುಡ್ಡು ತುಂಬಿಸಿ ಮುಟ್ಟಿಸುವ ಲಂಡನ್ ಸಾರಿಗೆಯ ಕಾರ್ಡಿಗೆ, ಸೇರಿಸಿಸಿ. ದಟ್ಟಣೆಯಿಲ್ಲದ ಹೊತ್ತಿನ ಟ್ಯೂಬ್ ದರದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ, ಬಸ್ಸಿಗೆ ಮಾತ್ರ ಇಲ್ಲ.

ಟೂರ್ ಬಸ್ಸಲ್ಲಿ ಇದ್ಯಾವ ರಗಳೆಯೂ ಇಲ್ಲ, ನಿಜ. ಕಿವಿಗೆ ವಿವರಣೆ ಬರುತ್ತದೆ, ಕೆಲವು ಟಿಕೆಟ್ಟಿಗೆ ಥೇಮ್ಸ್ ದೋಣಿಯೂ ಸೇರಿರುತ್ತದೆ (ದೋಣಿಯ ದರ ಕೆಂಪು ಬಸ್ಸಿನ ಮಿತಿಯೊಳಗೆ ಬರುವುದಿಲ್ಲ). ಊರಿಂದ ಅಪ್ಪ-ಅಮ್ಮ ಬಂದರೆ, ಮಂಡಿನೋವಿದ್ದರೆ, ನಾನೂ ಅದನ್ನೇ ಹತ್ತಿಸುತ್ತೇನೆ. ಒಬ್ಬರೇ ಇರುವಾಗ ಮನಸ್ಸು ಬಂದಲ್ಲಿ ಇಳಿಯುವುದೇ ಮುಖ್ಯ. ಇಳಿದ ಮೇಲೆ ಅದೇ ಕಂಪನಿಯ ಮುಂದಿನ ಬಸ್ಸಿಗೆ ಕಾಯುವುದು, ಸಂಜೆಗೆ ಅದು ನಿಂತೇಹೋಗುವುದು ನನಗೆ ಒಗ್ಗುವುದಿಲ್ಲ.

ಹಲವು ಜಾಗಗಳ ಪ್ರವೇಶ ಒಟ್ಟಿಗೆ ಸೇರಿದ ಪ್ರವಾಸಿ ಪಾಸ್: ದಿನಕ್ಕೆ ಮೂರು ದುಬಾರಿ ಜಾಗ ನೋಡುವವರಿಗೆ ಮಾತ್ರ.

ಒಂದು ಜಾಗವನ್ನು ಮಾತ್ರ ಬಿಡಬೇಡಿ. ಪಾರ್ಲಿಮೆಂಟಿನಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ, ನದಿಯನ್ನು ಬಲಗಡೆ ಇಟ್ಟುಕೊಂಡು ನಡೆಯಿರಿ. ಲ್ಯಾಂಬೆತ್ ಸೇತುವೆ ಹತ್ತದೆ, ಅದೇ ದಡದಲ್ಲಿ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ನದಿದಂಡೆಯ ರಸ್ತೆಯಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಟಿಕೆಟ್ಟಿಲ್ಲ, ಸರದಿಯಿಲ್ಲ.

ಟೂರ್ ಬಸ್ಸಿನಿಂದ ಉಳಿದ 25 ಪೌಂಡಿಗೆ ಇನ್ನೊಂದಿಷ್ಟು ಸೇರಿಸಿದರೆ ಟವರ್ ಆಫ್ ಲಂಡನ್ ಒಳಗೇ ಹೋಗಬಹುದು. ಮಂಗಳವಾರದಿಂದ ಶನಿವಾರದವರೆಗೆ ಬೆಳಗ್ಗೆ 9ಕ್ಕೆ ತೆರೆಯುತ್ತದೆ. ಮೊದಲು ಅದನ್ನು ಮುಗಿಸಿಕೊಂಡೇ 15 ಹತ್ತಿ.