ಹಂಡೆ ಒಲೆಯ ಬೂದಿ: ಪೊರಕೆ, ವ್ಯಾಕ್ಯೂಮ್, ಬ್ಲೋಯರ್, ಕಲ್ಲುಪ್ಪು – ನಾಲ್ಕನ್ನೂ ಮಾಡಿ ನೋಡಿದೆ

ನಮ್ಮನೆ ಮಂಡ್ಯದಿಂದ ಸ್ವಲ್ಪ ಹೊರಗಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯಿಂದ ಕೂಗಳತೆ ದೂರ. ಬಚ್ಚಲಲ್ಲಿ 40 ಲೀಟರಿನ ತಾಮ್ರದ ಹಂಡೆ ಇದೆ. ಅದರ ಕೆಳಗೆ ಮೊದಲು ಸೌದೆ ಒಲೆ ಇತ್ತು. ಎರಡು ವರ್ಷದ ಹಿಂದೆ ಅದನ್ನು ತೆಗೆಸಿ ಪೆಲೆಟ್ ಒಲೆ ಕೂರಿಸಿದೆ. ಪೆಲೆಟ್ ಅಂದರೆ ಮರದ ಹೊಟ್ಟು, ಹುಲ್ಲು ಇಂಥದ್ದನ್ನು ಒತ್ತಿ ಮಾಡಿದ ಸಣ್ಣ ತುಂಡು. ಮಹಡಿ ಮೇಲೆ ಸೋಲಾರ್ ಇದೆ ನಿಜ. ಆದರೆ ಮೋಡ ಮುಚ್ಚಿದ ದಿನ ಅದರ ನೀರು ಕೈಗೆ ಬೆಚ್ಚಗೂ ತಾಗುವುದಿಲ್ಲ. ಅಮ್ಮನಿಗೆ ಮಂಡಿನೋವು. ಧನುರ್ಮಾಸದಲ್ಲಿ ಬೆಳಗ್ಗೆ ಐದೂವರೆಗೆಲ್ಲ ಅವರ ಸ್ನಾನ ಆಗಬೇಕು, ನೀರು ಚೆನ್ನಾಗಿ ಕಾದಿರಬೇಕು. ಸೌದೆ ಹೊಗೆಗೆ ಅವರಿಗೆ ಕೆಮ್ಮು ಜಾಸ್ತಿಯಾಗುತ್ತಿತ್ತು. ಪೆಲೆಟ್ ಒಲೆ ತಂದಿದ್ದೇ ಅದಕ್ಕೆ.

ಮೊದಲ ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ನೀರು ಕಾಯುವುದು ದಿನ ದಿನಕ್ಕೂ ನಿಧಾನವಾಯಿತು. ಉರಿ ಕೆಂಪಗಾಗಿ ತೂಗಾಡಲು ಶುರುವಾಯಿತು. ಗೋಡೆಗೆ ಮಸಿ ಹಿಡಿಯಿತು. ಪೆಲೆಟ್ಟೇ ಸರಿ ಇಲ್ಲ ಅಂದುಕೊಂಡು ಅಂಗಡಿ ಬದಲಾಯಿಸಿದೆ. ಅಮ್ಮ ಒಂದು ದಿನ ಬಗ್ಗಿ ನೋಡಿ ಹೇಳಿದರು: "ಒಲೆ ಗಂಟಲು ಕಟ್ಕಂಡದೆ ಕಣಪ್ಪ. ಮೊದ್ಲು ಅದ ಬುಡ್ಸು."

ಅಮ್ಮನಿಗೆ ಇದು ಗೊತ್ತಿರುವುದಕ್ಕೆ ಕಾರಣ ಇದೆ. ನಾನು ಚಿಕ್ಕವನಿದ್ದಾಗ ನಮ್ಮ ಅಡುಗೆಮನೆಯಲ್ಲಿ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಹೊಗೆ ಕೊಳವೆಯ ಒಲೆ ಅದು. ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಮನೆಯೊಳಕ್ಕೇ ತಿರುಗುತ್ತದೆ ಅಂತ ಅಮ್ಮ ಆಗಲೇ ಕಲಿತಿದ್ದರು. ಫ್ಯಾನ್ ಇರುವ ಪೆಲೆಟ್ ಒಲೆಗೂ ಅದೇ ಸಂಸ್ಥೆಯ ನಂಟಿದೆ. ಅಲ್ಲಿನ ತಂತ್ರಜ್ಞಾನದಿಂದ ಬಂದ ಊರ್ಜಾ ಒಲೆ 2006ರ ಹೊತ್ತಿಗೆ ಮಾರಾಟಕ್ಕೆ ಬಂತು. ನಮ್ಮದು ಆ ಒಲೆ ಅಲ್ಲ, ಇಲ್ಲೇ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಉರಿಯುವ ರೀತಿ ಮಾತ್ರ ಹೆಚ್ಚು ಕಡಿಮೆ ಒಂದೇ.

ಆ ರೀತಿ ತಿಳಿದರೆ ಕ್ಲೀನ್ ಮಾಡುವುದು ಸುಲಭ. ಒಲೆಯ ಉರಿಬಟ್ಟಲಿಗೆ ಎರಡು ಗೋಡೆ. ನಡುವಿನ ಸಂದಿಯಲ್ಲಿ ಫ್ಯಾನಿನ ಗಾಳಿ ಓಡಾಡುತ್ತದೆ. ಸ್ವಲ್ಪ ಗಾಳಿ ತಳದ ಜಾಲರಿಯಿಂದ ಬಂದು ಪೆಲೆಟ್ ಕೆಂಡವಾಗುತ್ತದೆ. ಕೆಂಡದಿಂದ ಏಳುವ ಹೊಗೆಯನ್ನು ಸುಡುವುದು ಮೇಲಿನ ಅಂಚಿನ ಸಣ್ಣ ತೂತುಗಳಿಂದ ಬರುವ ಗಾಳಿ. ಆ ಮೇಲಿನ ತೂತು ಕಟ್ಟಿಕೊಂಡರೆ ಹೊಗೆ ಸುಡದೆ ಹಾಗೇ ಹೋಗುತ್ತದೆ. ಹಂಡೆ ತಳಕ್ಕೆ ಮಸಿಯಾಗಿ ಕೂರುತ್ತದೆ. ಮಸಿ ದಪ್ಪವಾದಷ್ಟೂ ಶಾಖ ನೀರಿಗೆ ದಾಟುವುದಿಲ್ಲ. ದುಡ್ಡು ಕೊಟ್ಟು ತಂದ ಬಿಸಿ ಕೊಳವೆಯಲ್ಲಿ ಆಕಾಶಕ್ಕೆ ಹೋಗುತ್ತದೆ.

ಹೋಲಿಸಿದ್ದು ಹೀಗೆ. ದಿನಕ್ಕೆ ಒಂದು ಕೆ.ಜಿ. ಪೆಲೆಟ್, ಎಲ್ಲ ಒಂದೇ ಲೋಡಿನದ್ದು. ಹಂಡೆಗೆ ರಾತ್ರಿಯೇ ನೀರು ತುಂಬಿ ಇಡುವುದು. ಬೆಳಗ್ಗೆ ನೀರು ಸುಮಾರು 23 ಡಿಗ್ರಿ ಇರುತ್ತಿತ್ತು. ಅದು 48 ಡಿಗ್ರಿ ಮುಟ್ಟಲು ಎಷ್ಟು ನಿಮಿಷ ಅಂತ ಗೋಡೆ ಕ್ಯಾಲೆಂಡರಿನಲ್ಲಿ ಬರೆದೆ. ಮೊದಲು ಬೂದಿ ತಟ್ಟೆ ಖಾಲಿ ಮಾಡುವುದು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮೊದಲ ದಿನ 34 ನಿಮಿಷ. ನಾಲ್ಕನೇ ದಿನ 41. ಎಂಟನೇ ದಿನ 52. ಒಲೆ ಅದೇ, ಪೆಲೆಟ್ ಅದೇ, ನೀರೂ ಅಷ್ಟೇ. ವಾರದಲ್ಲಿ ಹದಿನೆಂಟು ನಿಮಿಷ ಏರಿತು.

ಮೊದಲು ವ್ಯಾಕ್ಯೂಮ್ ಕ್ಲೀನರ್ ಹಿಡಿದೆ, ಮನೆ ಗುಡಿಸಲು ತಂದದ್ದು. ನಾಲ್ಕು ದಿನಕ್ಕೊಮ್ಮೆ ಹಾಕಿದೆ. ಮೂಲೆಯ ನುಣ್ಣನೆ ಬೂದಿ ಸೊಗಸಾಗಿ ಬರುತ್ತದೆ. ಕೈಗೆ ಮಸಿ ಇಲ್ಲ, ಬಚ್ಚಲಿಗೆ ಧೂಳಿಲ್ಲ. ಕ್ಲೀನ್ ಮಾಡಿದ ದಿನ 34 ನಿಮಿಷ, ಮತ್ತೆ ನಾಲ್ಕನೇ ದಿನಕ್ಕೆ 40. ತೂತಿನೊಳಗೆ ಗಟ್ಟಿಯಾಗಿ ಕೂತದ್ದನ್ನು ಮಾತ್ರ ಎಳೆಯುವುದಿಲ್ಲ. ಮೂರನೇ ಸಲ ಮಾಡುವಾಗ ಸುಟ್ಟ ಬಟ್ಟೆಯ ವಾಸನೆ ಬಂತು. ಪ್ಲಗ್ ಕಿತ್ತು ಅಂಗಳಕ್ಕೆ ಎಸೆದು ಬಿಚ್ಚಿದೆ. ಒಳಗಿನ ಬಟ್ಟೆ ಚೀಲದಲ್ಲಿ ಅಂಗೈ ಅಗಲದ ತೂತು, ಅದರ ಅಂಚು ಇನ್ನೂ ಕೆಂಪಗೆ ಸರಿಯುತ್ತಿತ್ತು. ಒಲೆ ಆರಿಸಿದ್ದು ಹಿಂದಿನ ಸಂಜೆ. ಸುಮಾರು ಹನ್ನೆರಡು ಗಂಟೆ ಕಳೆದಿತ್ತು. ಬೂದಿ ಕೆಂಡವನ್ನು ಹೊದಿಕೆಯ ಹಾಗೆ ಮುಚ್ಚಿ ಕಾಪಾಡುತ್ತದೆ. ವ್ಯಾಕ್ಯೂಮಿನ ಗಾಳಿ ಸಿಕ್ಕ ಕೂಡಲೇ ಅದು ಎದ್ದು ಕೂರುತ್ತದೆ. ದಯವಿಟ್ಟು ಮನೆ ವ್ಯಾಕ್ಯೂಮ್ ಒಲೆಗೆ ಹಾಕಬೇಡಿ. ಇಟಲಿ, ಅಮೆರಿಕದಂಥ ಚಳಿ ದೇಶಗಳಲ್ಲಿ ಇಡೀ ಮನೆಯನ್ನೇ ಪೆಲೆಟ್ ಒಲೆಯಿಂದ ಬೆಚ್ಚಗಿಡುತ್ತಾರೆ. ಅಲ್ಲಿ ಬೂದಿಗೆಂದೇ ಲೋಹದ ಡ್ರಮ್ಮಿನ ವ್ಯಾಕ್ಯೂಮ್ ಸಿಗುತ್ತದೆ. ಚೀಲಗಟ್ಟಲೆ ಸುಡುವವರಿಗೆ ಅದು ಬೇಕು. ನಮ್ಮ ದಿನಕ್ಕೊಂದು ಕೆ.ಜಿ.ಗೆ ಅಷ್ಟು ಖರ್ಚು ಬೇಡ.

ಬ್ಲೋಯರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಚ್ಚಲೊಳಗೆ ಒಮ್ಮೆ ಊದಿದೆ. ಬೂದಿ ಕಣ್ಣಿಗೆ, ಗಂಟಲಿಗೆ, ಒಣಹಾಕಿದ ಸೀರೆಗೆಲ್ಲ ಹೋಯಿತು. ಕೆಮ್ಮು ಕಡಿಮೆಯಾಗಲಿ ಅಂತ ಒಲೆ ಬದಲಾಯಿಸಿದ ಮನೆಯಲ್ಲಿ ಈ ಕೆಲಸ ಮಾಡಬಾರದು. ಆದರೆ ಒಂದಕ್ಕೆ ಅದು ಬೇಕೇ ಬೇಕು. ಎರಡು ಗೋಡೆಯ ನಡುವಿನ ಸಂದಿಗೆ ಪೊರಕೆ ಹೋಗುವುದಿಲ್ಲ, ಕಡ್ಡಿಯೂ ಹೋಗುವುದಿಲ್ಲ. ತಿಂಗಳಿಗೊಮ್ಮೆ ಒಲೆಯನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ, ಫ್ಯಾನ್ ಬಿಚ್ಚಿಟ್ಟು, ಗಾಳಿಗೆ ಬೆನ್ನು ಕೊಟ್ಟು ನಿಂತು ಊದುತ್ತೇನೆ. ಬಿಚ್ಚಿದ ಫ್ಯಾನಿನ ರೆಕ್ಕೆಗೆ ಹತ್ತಿದ ಧೂಳನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜುತ್ತೇನೆ. ರೆಕ್ಕೆಗೆ ಜೇಡರ ಬಲೆ, ಬಟ್ಟೆ ಎಳೆ ಸುತ್ತಿಕೊಂಡಿರುತ್ತದೆ. ಅಷ್ಟು ತೆಗೆದರೆ ಫ್ಯಾನಿನ ಸದ್ದೇ ಬೇರೆಯಾಗುತ್ತದೆ.

ಕಲ್ಲುಪ್ಪು ಪಕ್ಕದ ಮನೆಯವರ ಸಲಹೆ. "ಅಣ್ಣ, ಉರಿ ಜೋರಾದಾಗ ಒಂದ್ ಹಿಡಿ ಕಲ್ಲುಪ್ಪು ಹಾಕಿ, ಮಸಿ ತಾನೇ ಉದುರ್ತದೆ" ಅಂದರು. ಒಳ್ಳೆ ಮನಸ್ಸಿಂದ ಹೇಳಿದ್ದು, ಹಾಕಿದೆ. ಕೊಳವೆಯ ಮಸಿ ಸ್ವಲ್ಪ ಉದುರಿದ ಹಾಗೆ ಕಂಡಿತು. ಹತ್ತನೇ ದಿನ ಜಾಲರಿ ತೆಗೆದು ನೋಡಿದರೆ ಅದರ ಮೇಲೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಉಗುರಿನಲ್ಲಿ ಕೆರೆದರೆ ಹಪ್ಪಳದ ಹಾಗೆ ಮುರಿದು ಬಂತು. ಉಪ್ಪಿನಲ್ಲಿರುವ ಕ್ಲೋರಿನ್ ಬಿಸಿಯಲ್ಲಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಜಾಲರಿ ಹೊಸದು ಹಾಕಿಸಬೇಕಾಯಿತು. ಉಪ್ಪು ಅಡುಗೆಗೇ ಇರಲಿ.

ಉಳಿದದ್ದು ಪೊರಕೆ. ತೆಂಗಿನಕಡ್ಡಿ ಪೊರಕೆ ಸವೆದು ಮೊಂಡಾದರೆ ಎಸೆಯುತ್ತೇವೆ ಅಲ್ವಾ, ಅಂಥದ್ದನ್ನು ಒಂದು ಗೇಣಿಗೆ ಕತ್ತರಿಸಿ ಬಿಗಿಯಾಗಿ ಕಟ್ಟಿಟ್ಟೆ. ಜೊತೆಗೆ ಸೈಕಲ್ಲಿನ ಹಳೇ ಸ್ಪೋಕ್ ಕಡ್ಡಿ. ಬೆಳಗ್ಗೆ ಒಲೆ ಹಚ್ಚುವ ಮೊದಲು ಬೂದಿ ತಟ್ಟೆ ತೆಗೆಯುವುದು, ಪೊರಕೆಯಲ್ಲಿ ಉರಿಬಟ್ಟಲು ಉಜ್ಜುವುದು, ಸ್ಪೋಕಿನಲ್ಲಿ ತೂತು ಒಂದೊಂದೇ ಚುಚ್ಚುವುದು. ಮೇಲಿನ ಸಾಲಿನಲ್ಲಿ ನಮ್ಮ ಒಲೆಗೆ 18 ತೂತು. ಮೊದಲ ದಿನ ಎಣಿಸಿದಾಗ ಏಳು ಪೂರ್ತಿ ಕಟ್ಟಿದ್ದವು. ಕಡ್ಡಿ ಒಳಗೆ ಹೋದಾಗ ಮೊದಲು ಗಟ್ಟಿ, ಆಮೇಲೆ ಕರಕ್ ಅಂತ ಒಂದು ಸಣ್ಣ ಬಿಲ್ಲೆ ಮುರಿದು ಒಳಗೆ ಬೀಳುತ್ತದೆ. ಆ ಸದ್ದು ಕೇಳಿದರೆ ತೂತು ಬಿಟ್ಟಿತು ಅಂತ ಅರ್ಥ. ಎಲ್ಲ ಸೇರಿ ಆರು ನಿಮಿಷದ ಕೆಲಸ. ಎರಡು ವಾರ ಬಿಡದೆ ಮಾಡಿದೆ. 34, 35, 34, 36, 35. ಒಂದು ದಿನವೂ 36 ದಾಟಲಿಲ್ಲ. ಉರಿ ನೆಟ್ಟಗೆ ನಿಂತು ತಿಳಿ ಹಳದಿಯಾಗಿ ಉರಿಯಿತು, ಕೊಳವೆ ಬಾಯಲ್ಲಿ ಹೊಗೆ ಕಾಣಲಿಲ್ಲ.

ಯಾವುದು ಅಂತ ನನ್ನನ್ನು ಕೇಳಿದರೆ ಪೊರಕೆ ಮತ್ತು ಸ್ಪೋಕ್. ಅದಕ್ಕೆ ತಿಂಗಳಿಗೊಮ್ಮೆ ಹಿತ್ತಲಲ್ಲಿ ಬ್ಲೋಯರ್ ಜೊತೆ ಕೊಡಿ. ವಾರಕ್ಕೊಮ್ಮೆ ಭರ್ಜರಿಯಾಗಿ ಉಜ್ಜುವುದಕ್ಕಿಂತ ದಿನಾ ಆರು ನಿಮಿಷ ಕೈಯಾಡಿಸಿದ್ದೇ ನೀರು ಬೇಗ ಕಾಯಿಸಿತು.

ಕ್ಲೀನ್ ಮಾಡುವುದನ್ನು ಹೋಲಿಸಿ ಪೆಲೆಟ್ ಬಿಟ್ಟರೆ ಅರ್ಧ ಮಾತೇ ಆಯಿತು. ಬೂದಿ ಎಷ್ಟು ಅನ್ನುವುದು ಪೆಲೆಟ್ ಮೇಲೆ ನಿಂತಿದೆ. ಇಲ್ಲಿ ಎರಡು ಥರ ಸಿಕ್ಕಿತು. ಒಂದು ಸಾಮಿಲ್ಲಿನ ಮರದ ಹೊಟ್ಟಿನದು, ಕೆ.ಜಿ.ಗೆ 14 ರೂಪಾಯಿ ಕೊಟ್ಟೆ. ಇನ್ನೊಂದು ಕಬ್ಬಿನ ತರಗು, ಭತ್ತದ ಹುಲ್ಲು, ಹೊಟ್ಟು ಎಲ್ಲ ಬೆರೆಸಿ ಒತ್ತಿದ್ದು, 11 ರೂಪಾಯಿ. ಹತ್ತು ಹತ್ತು ಕೆ.ಜಿ. ಸುಟ್ಟು ಬೂದಿ ತೂಗಿದೆ. ಮರದ್ದು 130 ಗ್ರಾಂ. ಬೆರಕೆಯದ್ದು 780 ಗ್ರಾಂ.

ತೂಕಕ್ಕಿಂತ ದೊಡ್ಡ ತೊಂದರೆ ಕಿಟ್ಟ. ಬೆರಕೆ ಪೆಲೆಟ್ ಸುಟ್ಟ ಮೂರನೇ ದಿನ ಜಾಲರಿ ಮೇಲೆ ನಿಂಬೆಹಣ್ಣಿನ ಗಾತ್ರದ ಗಟ್ಟಿ ಉಂಡೆ ಸಿಕ್ಕಿತು. ಬೂದು ಬಣ್ಣ, ಮೈತುಂಬ ತೂತು, ಮುರಿದ ಕಡೆ ಬಳೆ ಚೂರಿನ ಹಾಗೆ ಹೊಳಪು. ಪೊರಕೆಗೆ ಅದು ಜಗ್ಗಲಿಲ್ಲ, ಸ್ಕ್ರೂಡ್ರೈವರ್ ಇಟ್ಟು ತಟ್ಟಬೇಕಾಯಿತು. ಕಾರಣ ನಮ್ಮ ಗದ್ದೆಯಲ್ಲೇ ಇದೆ. ಕಬ್ಬು ನೆಲದ ಪೊಟ್ಯಾಷ್ ಹೀರಿ ಬೆಳೆಯುತ್ತದೆ, ಭತ್ತದ ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕಾ ಜಾಸ್ತಿ. ಎರಡೂ ಉರಿಯಲ್ಲಿ ಕೂಡಿದರೆ ಬೂದಿ ಕಡಿಮೆ ಬಿಸಿಗೇ ಕರಗಿ, ಆರಿದಾಗ ಗಾಜಾಗುತ್ತದೆ. ಕೆಳಗಿನ ಗಾಳಿ ಅಲ್ಲೇ ಕಟ್ಟಿಹೋಗುತ್ತದೆ. ಮೂರು ರೂಪಾಯಿ ಉಳಿಸಲು ಹೋಗಿ ದಿನಾ ಕಾಲು ಗಂಟೆ ಕಿಟ್ಟ ಕೀಳುವುದು ನನಗೆ ಒಪ್ಪಿಗೆಯಾಗಲಿಲ್ಲ. ನಿಮ್ಮ ಊರಲ್ಲಿ ಬೆರಕೆ ಮಾತ್ರ ಸಿಗುವುದಾದರೆ ಒಂದು ಪಾಲಿಗೆ ಎರಡು ಪಾಲು ತೆಂಗಿನ ಚಿಪ್ಪಿನ ಚೂರು ಬೆರೆಸಿ ನೋಡಿ. ಚಿಪ್ಪಿನಲ್ಲಿ ಬೂದಿ ತೀರಾ ಕಡಿಮೆ. ನಮ್ಮಲ್ಲಿ ಕಿಟ್ಟ ಸುಮಾರು ಅರ್ಧಕ್ಕಿಳಿಯಿತು.

ಯಾವ ಪೆಲೆಟ್ ಆದರೂ ಚೀಲದ ತಳದ ಪುಡಿಯನ್ನು ವಂದರಿ ಹಿಡಿದು ತೆಗೆಯಿರಿ. ಪುಡಿ ಸಂದಿಗೆಲ್ಲ ತುಂಬಿ ಗಾಳಿ ತಡೆಯುತ್ತದೆ. ಚೀಲ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ. ಪೆಲೆಟ್ಟಿಗೆ ಸಾಮಾನ್ಯವಾಗಿ ಅಂಟು ಹಾಕಿರುವುದಿಲ್ಲ, ಬಿಸಿ ಮತ್ತು ಒತ್ತಡಕ್ಕೆ ಮರದ್ದೇ ಅಂಟು ಹಿಡಿದು ನಿಂತಿರುವುದು. ನೀರು ತಾಗಿದರೆ ಉಬ್ಬಿ ಮತ್ತೆ ಹೊಟ್ಟಾಗುತ್ತದೆ.

ಹಂಡೆ ತಳಕ್ಕೆ ಎರಡು ದಾರಿ ನೋಡಿದೆ. ದಿನಾ ಸ್ಟೀಲ್ ನಾರಿನಲ್ಲಿ ಉಜ್ಜುವುದು ಒಂದು. ಅಮ್ಮನ ದಾರಿ ಇನ್ನೊಂದು: ಜರಡಿ ಹಿಡಿದ ಬೂದಿಯನ್ನು ನೀರಿನಲ್ಲಿ ಕಲಸಿ ತಳಕ್ಕೆ ತೆಳ್ಳಗೆ ಬಳಿಯುವುದು. ಮಸಿ ಬೂದಿ ಮೇಲೆ ಕೂರುತ್ತದೆ, ತಾಮ್ರಕ್ಕೆ ಹತ್ತುವುದಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಎಳೆದರೆ ಸಿಪ್ಪೆಯ ಹಾಗೆ ಬರುತ್ತದೆ. ನೀರು ಕಾಯುವ ಹೊತ್ತಿನಲ್ಲಿ ಎರಡಕ್ಕೂ ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. ತಾಮ್ರ ಸವೆಯದಿರುವುದು ಅಮ್ಮನ ದಾರಿಯಲ್ಲಿ. ಹೊಗೆ ಕೊಳವೆಗೂ ಮನೆ ವಸ್ತುವೇ ಸಾಕಾಯಿತು. ತೆಂಗಿನ ನಾರಿನ ಉಂಡೆಯನ್ನು ಹಗ್ಗದ ನಡುವೆ ಕಟ್ಟಿ, ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಎಳೆದಾಡಿದೆವು. ಅಂಟು ಹಿಡಿದ ಮಸಿಗೆ ಮಾತ್ರ ತಂತಿ ಬ್ರಷ್ ಬೇಕು.

ತೆಗೆದ ಬೂದಿಯನ್ನು ಮುಚ್ಚಳದ ತಗಡಿನ ಬಕೆಟ್ಟಿನಲ್ಲಿ ಎರಡು ದಿನ ಹೊರಗಿಟ್ಟು, ಆಮೇಲೆ ಕರಿಬೇವಿನ ಬುಡಕ್ಕೆ ಹಾಕುತ್ತೇವೆ. ಮತ್ತೊಂದು ಮಾತು. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಚ್ಚಲ ಕಿಟಕಿ ತೆರೆದೇ ಇರಲಿ. ಚಳಿ ಅಂತ ಈ ಒಲೆಯನ್ನು ಮಲಗುವ ಕೋಣೆಗೆ ತರಬೇಡಿ.

ಈ ಸಲ ನೀರು ತುಂಬುವ ಹಬ್ಬದ ಹಿಂದಿನ ದಿನ ಇಡೀ ಒಲೆ ಬಿಚ್ಚಿದೆ. ಕೊಳವೆ ಕೂಡುವ ಜಾಗದಲ್ಲಿ ಬೆರಳು ತೂರುವಷ್ಟು ಸಂದಿ ಇತ್ತು, ಅದಕ್ಕೆ ಜೇಡಿಮಣ್ಣು ಮೆತ್ತಿದೆ. ಮರುದಿನ ಅಮ್ಮ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಸಂಜೆ ನೀರು ತುಂಬಿದರು. ನರಕ ಚತುರ್ದಶಿಯ ಬೆಳಗ್ಗೆ ನಾಲ್ಕೂವರೆಗೆ ಒಲೆ ಹಚ್ಚಿದೆ. ಐದು ಗಂಟೆ ಮೂರು ನಿಮಿಷಕ್ಕೆ ಅಮ್ಮ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಬಂದರು. ನೀರು ಕಾದಿತ್ತು.